ಕಾಳಿಂಗ ಸರ್ಪ

ಕಾಳಿಂಗನ ಹೆಸರನ್ನು ಕೇಳದ ಮನೆಯು ಕನ್ನಡನಾಡಿನಲ್ಲಿ ಇರಲಾರದು. ಆದರೆ ಯಮುನೆಯ ಮಡುವಿನ ಆ ಕಾಳಿಂಗನನ್ನು ಬಲ್ಲವರಲ್ಲಿ ಎಷ್ಟು ಮಂದಿ ನಮ್ಮ ಮಲೆನಾಡಿನ ಕಾಳಿಂಗ ಸರ್ಪವನ್ನು ಬಲ್ಲರು? ವಿಷಸರ್ಪಗಳಲ್ಲೆಲ್ಲಾ ಉದ್ದವಾದುದು ಇದೇ. 10–12 ಅಡಿ ಸಾಮಾನ್ಯ; 18 ಅಡಿಯವರೆಗೂ ಬೆಳೆದುದುಂಟು. ಕೆರಳಿದಾಗ ಮೈಯ ಮೂರರಲ್ಲೊಂದು ಪಾಲನ್ನು ನೆಲದಿಂದೆತ್ತಿ ನಿಂತು, ಬುಸುಗುಟ್ಟುವುದೆಂಬುದಕ್ಕಿಂತ ಗುರುಗುಟ್ಟುವುದೆಂದೇ ಹೇಳಬೇಕಾದ ಸ್ವರವನ್ನು ಹೊರಡಿಸುತ್ತದೆ.

1836ರಲ್ಲಿ ಕ್ಯಾಂಟರ್ ಎಂಬ ವಿದ್ವಾಂಸನು ಇದನ್ನು ಶಾಸ್ತ್ರರೀತ್ಯಾ ವರ್ಣಿಸಿದನು. ಏಷ್ಯಾ ಖಂಡದ ಕಾಳಿಂಗಗಳೆಲ್ಲವೂ ಒಂದೇ ಜಾತಿಯೆಂಬ ಎಣಿಕೆ ಬಹುಕಾಲವಿದ್ದಿತು. 2024ರಲ್ಲಿ ವಿಜ್ಞಾನಿಗಳು ಅವನ್ನು ನಾಲ್ಕು ಜಾತಿಗಳಾಗಿ ವಿಂಗಡಿಸಿ, ಪಶ್ಚಿಮ ಘಟ್ಟಗಳ ಜಾತಿಗೆ ನಮ್ಮ ನುಡಿಯ ‘ಕಾಳಿಂಗ’ ಶಬ್ದವನ್ನೇ ಇಟ್ಟಿರುವುದು ನಮಗೆ ಸಂತೋಷದ ಸಂಗತಿ.

ಇದರ ಆಹಾರ ಹಾವುಗಳೇ. ಕೇರೆಹಾವು ಬಲು ಪ್ರಿಯ, ನಾಗರಹಾವನ್ನೂ ಬಿಡದು, ಸ್ವಜಾತಿಯನ್ನು ಸಹ ನುಂಗುವುದುಂಟು. ಅಡಕೆಯ ತೋಟಕ್ಕೋ ಹಿತ್ತಿಲ ಕೊಟ್ಟಿಗೆಗೋ ಇದು ಬಂದಿತೆಂದರೆ, ಇಲಿಯ ಬೆನ್ನು ಹತ್ತಿದ ಕೇರೆಯ ಬೆನ್ನು ಹತ್ತಿ ಬಂದಿರಬಹುದು. ದಾರಿ ದೊರೆತರೆ ತಾನಾಗಿ ಸರಿದುಹೋಗುವುದು. ಆಗ ದೊಣ್ಣೆಯನ್ನು ಹಿಡಿಯದೆ, ಮಕ್ಕಳನ್ನೂ ನಾಯಿಯನ್ನೂ ಒಳಕ್ಕೆ ಕರೆದುಕೊಂಡು, ಅರಣ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ಇದನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು.

ಗೃಹಸ್ಥರು ತಿಳಿದಿರಬೇಕಾದ ಇನ್ನೊಂದು ಮಾತುಂಟು. ಹನಿಗೆ ಹನಿ ಹೋಲಿಸಿದರೆ ನಾಗರಹಾವಿನ ವಿಷವೇ ತೀಕ್ಷ್ಣ. ಆದರೆ ಕಾಳಿಂಗವು ಒಂದೇ ಕಡಿತದಲ್ಲಿ ಸುರಿಯುವ ಪ್ರಮಾಣ ಬಹಳ ಹೆಚ್ಚು. ಅದು ನರಗಳನ್ನು ಹಿಡಿದು ಉಸಿರನ್ನು ನಿಲ್ಲಿಸುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ ಪ್ರತಿವಿಷವಾದರೋ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ ಸಿದ್ಧವಾದುದು. ಕಾಳಿಂಗದ ವಿಷಕ್ಕಾಗಿ ಮಾಡಿದುದಲ್ಲ. ಇದರ ಕಡಿತ ಅಪರೂಪವೆಂಬುದು ನಿಜ. ಕಡಿದರೆ ಮಾತ್ರ ಮಂತ್ರ ಮದ್ದುಗಳಲ್ಲಿ ಹೊತ್ತು ಕಳೆಯದೆ, ಕೃತಕವಾಗಿ ಉಸಿರಾಡಿಸುವ ಯಂತ್ರವುಳ್ಳ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಇಂತಹ ಭಯಂಕರ ಪ್ರಾಣಿಯ ತಾಯ್ತನವೇ ನಮಗೆ ಎಲ್ಲಕ್ಕಿಂತ ಸೋಜಿಗವಾಗಿ ತೋರುವುದು. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗವೊಂದೇ. ಕೈಯಿಲ್ಲ, ಕಾಲಿಲ್ಲ, ಮೈಯ ಸುರುಳಿಯಿಂದಲೇ ತರಗೆಲೆಗಳನ್ನು ಎಳೆದೆಳೆದು ರಾಶಿ ಮಾಡಿ, ಸಾಮಾನ್ಯವಾಗಿ 20ರಿಂದ 40 ಮೊಟ್ಟೆಗಳನ್ನು ಅದರೊಳಗಿಟ್ಟು, ಮೇಲೆ ಮತ್ತೆ ಎಲೆಗಳನ್ನು ಹೊದಿಸುತ್ತದೆ. ಆಗುಂಬೆಯ ಸೀಮೆಯಲ್ಲಿ ಆಕಾಶವೇ ಹರಿದಂತೆ ಮಳೆ ಸುರಿದರೂ ಒಳಗಣ ಮೊಟ್ಟೆಗಳು ತೊಯ್ಯದಂತೆ ಆ ಹೊದಿಕೆಯು ಕಾಯುವುದು. ಹೆಣ್ಣು ಅದರ ಬಳಿಯಲ್ಲಿಯೇ ವಾರಗಟ್ಟಲೆ ಕಾವಲಿದ್ದು, ಮರಿಗಳು ಹೊರಬೀಳುವ ಮುನ್ನವೇ ಹೊರಟುಹೋಗುವುದು. ಸುಮಾರು ಒಂದೂವರೆ ಅಡಿಯ ಆ ಮರಿಗಳು ಹುಟ್ಟುವಾಗಲೇ ವಿಷವನ್ನು ಪಡೆದು, ತಾಯಿಯ ಮುಖವನ್ನು ಕಾಣದೆ, ತಂತಮ್ಮ ದಾರಿ ಹಿಡಿದು ಕಾಡನ್ನು ಸೇರುತ್ತವೆ.