ಗಲ್ಲಾಪೆಟ್ಟಿಗೆಯ ತಳದಲ್ಲಿ ಕುಳಿತ ಚಿಲ್ಲರೆ

ಅಂಗಡಿ ಇರುವ ಮನೆಯವರಿಗೆ ಚಿಲ್ಲರೆಯ ಕಷ್ಟ ಎರಡು ಬಗೆಯದು. ಬೇಕಾದಾಗ ಒಂದೂ ಕೈಗೆ ಸಿಗದಿರುವುದು ಒಂದು. ಯಾರಿಗೂ ಬೇಡವಾಗಿ ರಾಶಿ ಬೀಳುವುದು ಇನ್ನೊಂದು. ತೊಂಬತ್ತರ ದಶಕದಲ್ಲಿ ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಗಳ ವ್ಯಾಪಾರಸ್ಥರು ಮೊದಲನೆಯ ಕಷ್ಟವನ್ನು ಸಾಕಷ್ಟು ಉಂಡರು. ಗಿರಾಕಿಯ ಕೈಗೆ ಎಂಟಾಣೆಯ ಬದಲು ಮಿಠಾಯಿ ಇಟ್ಟು ಕಳುಹಿಸಿದ ಕಾಲವದು. 2016ರಲ್ಲಿ ಯುಪಿಐ ಬಂದು, ಮೀನು ಮಾರುವ ಹೆಂಗಸಿನ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಫಲಕ ನಿಂತ ಮೇಲೆ ಎರಡನೆಯ ಕಷ್ಟ ಶುರುವಾಯಿತು. ಗಲ್ಲಾಪೆಟ್ಟಿಗೆಯ ತಳದಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ, ದೇವರ ಕೋಣೆಯ ಕಾಣಿಕೆ ಡಬ್ಬಿಯಲ್ಲಿ, ಮಕ್ಕಳ ಮಣ್ಣಿನ ಹುಂಡಿಯಲ್ಲಿ ನಾಣ್ಯಗಳು ಸುಮ್ಮನೆ ಕುಳಿತಿವೆ. ಒಮ್ಮೆ ಎಲ್ಲವನ್ನೂ ಚಾಪೆಯ ಮೇಲೆ ಸುರಿದು ಎಣಿಸಿ ನೋಡಿ. ಸಾಧಾರಣ ಕಿರಾಣಿ ಅಂಗಡಿಯ ಮನೆಯಲ್ಲೂ ಮೊತ್ತ ಕೆಲವು ಸಾವಿರ ದಾಟಿದರೆ ಆಶ್ಚರ್ಯವಿಲ್ಲ. ಬಡ್ಡಿ ಇಲ್ಲ, ಬಂಡವಾಳವೂ ಅಲ್ಲ. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ ಸತ್ತ ಹಣ.

ಅದು ನಿಜವಾಗಿಯೇ ಸಾಯಬಹುದು ಎಂಬುದನ್ನು 2011 ತೋರಿಸಿಕೊಟ್ಟಿತು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ಎಲ್ಲ ನಾಣ್ಯಗಳೂ ಆ ವರ್ಷ ಜೂನ್ 30ರಿಂದ ಚಲಾವಣೆಯಿಂದ ರದ್ದಾದವು. ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಲು ಜೂನ್ 29ರ ಸಂಜೆಯವರೆಗೆ ಅವಕಾಶವಿತ್ತು. ಪತ್ರಿಕೆಗಳಲ್ಲಿ ಪ್ರಕಟಣೆ ಬಂದಿತ್ತು. ಆದರೆ ಅಜ್ಜಿಯಂದಿರ ಪೆಟ್ಟಿಗೆಯೊಳಗಿನ ಗಂಟು ಪತ್ರಿಕೆ ಓದುವುದಿಲ್ಲವಲ್ಲ! ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇಂದಿಗೂ ಅಲ್ಯೂಮಿನಿಯಮ್ಮಿನ ಹತ್ತು ಪೈಸೆ, ಇಪ್ಪತ್ತು ಪೈಸೆ, ಪಾವಲಿಗಳು ಸಿಗುತ್ತವೆ. ಅವುಗಳಿಗೆ ಈಗ ಉಳಿದಿರುವುದು ನೆನಪಿನ ಬೆಲೆ ಮಾತ್ರ. 50 ಪೈಸೆಯ ನಾಣ್ಯ ಕಾನೂನಿನ ದೃಷ್ಟಿಯಲ್ಲಿ ಇನ್ನೂ ಜೀವಂತ. ಪೇಟೆಯಲ್ಲಿ ಮಾತ್ರ ಅದನ್ನು ಮೂಸುವವರಿಲ್ಲ.

ನಮ್ಮ ಊರಿನ ಹಿರಿಯರು ಇದಕ್ಕಿಂತ ದೊಡ್ಡ ಬದಲಾವಣೆಯನ್ನು ಕಂಡವರು. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಐದೇ ತಿಂಗಳ ಬಳಿಕ, 1957ರ ಏಪ್ರಿಲ್ 1ರಂದು, ರೂಪಾಯಿಗೆ 16 ಆಣೆ ಎಂಬ ಲೆಕ್ಕವೂ ಹೋಗಿ 100 ನಯಾಪೈಸೆ ಬಂತು. ರಾಜ್ಯವೂ ಬದಲು, ನಾಣ್ಯವೂ ಬದಲು! ನಾಲ್ಕಾಣೆಗೆ 25, ಎಂಟಾಣೆಗೆ 50 ಎಂಬುದರಲ್ಲಿ ತಕರಾರಿಲ್ಲ. ಆದರೆ ಒಂದಾಣೆಗೆ ಆರೂಕಾಲು ನಯಾಪೈಸೆ ಕೊಡುವುದು ಹೇಗೆ? ಸರಕಾರದ ಪಟ್ಟಿ 6 ಎಂದಿತು. ಎರಡಾಣೆಗೆ 12, ಮೂರಾಣೆಗೆ 19. ಒಂದೊಂದೇ ಆಣೆಯ ಸಾಮಾನನ್ನು ನಾಲ್ಕು ಬಾರಿ ಕೊಂಡವನು 24 ನಯಾಪೈಸೆ ಕೊಟ್ಟ, ಒಟ್ಟಿಗೆ ಕೊಂಡವನು 25 ಕೊಟ್ಟ. ಆ ಒಂದು ಪೈಸೆಗಾಗಿ ಎಷ್ಟು ಅಂಗಡಿ ಕಟ್ಟೆಗಳಲ್ಲಿ ಮಾತಿಗೆ ಮಾತು ಬೆಳೆದಿರಬಹುದೋ!

ಚಿಲ್ಲರೆಯನ್ನು ಹೀನವಾಗಿ ಕಾಣದೆ ಅದರಿಂದಲೇ ಒಂದು ಬ್ಯಾಂಕನ್ನು ಬೆಳೆಸಿದ ಉದಾಹರಣೆ ನಮ್ಮ ಕರಾವಳಿಯಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದರು. ದಿನಕ್ಕೆ ಎರಡಾಣೆ ಎಂದರೆ ಎಂಟು ದಿನಕ್ಕೆ ಒಂದು ರೂಪಾಯಿ. ನೇಕಾರ, ಕೂಲಿಯಾಳು, ಬೀದಿ ವ್ಯಾಪಾರಿ ಎಲ್ಲರೂ ಖಾತೆದಾರರಾದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದ ಈ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಉಳಿದಿದೆ. ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಈಗಲೂ ಸಂಜೆಯ ಹೊತ್ತು ಅಂಗಡಿಗಳಿಗೆ ಬರುತ್ತಾರೆ. ಚಿಲ್ಲರೆ ಕರಗಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣದು. ದಿನದ ಪಿಗ್ಮಿಯಲ್ಲಿ 40-50 ರೂಪಾಯಿಯನ್ನು ನಾಣ್ಯದಲ್ಲೇ ಕೊಟ್ಟರೆ ಯಾರೂ ಮುಖ ಸಿಂಡರಿಸುವುದಿಲ್ಲ.

ನಾಣ್ಯವನ್ನು ವಿಂಗಡಿಸಿ ಬೆಲೆ ಕಟ್ಟುವುದು ನಮ್ಮ ಸಮಾಜಕ್ಕೆ ಹೊಸ ವಿದ್ಯೆಯೂ ಅಲ್ಲ. ದೆಹಲಿಯ ಸುಲ್ತಾನರ ಟಂಕಸಾಲೆಯಲ್ಲಿ ಕೆಲಸಕ್ಕಿದ್ದ ಠಕ್ಕುರ ಫೇರು ಎಂಬ ಜೈನ ಶ್ರಾವಕನು 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನು ರಚಿಸಿದನು. ಗುಜರಾತ್, ಮಾಳವ, ದೇವಗಿರಿ ಮೊದಲಾದ ನಾನಾ ರಾಜ್ಯಗಳ ನಾಣ್ಯಗಳ ತೂಕವೆಷ್ಟು, ಅವುಗಳಲ್ಲಿ ಬೆಳ್ಳಿ ಬಂಗಾರ ಎಷ್ಟು, ಬದಲಾಯಿಸಿದರೆ ಸಿಗುವುದೆಷ್ಟು ಎಂಬುದನ್ನೆಲ್ಲ ತನ್ನ ಸಹೋದರ ಮತ್ತು ಮಗನ ತಿಳಿವಿಗಾಗಿ ಪದ್ಯಗಳಲ್ಲಿ ಬರೆದಿಟ್ಟನು. ಆರು ಶತಮಾನಗಳ ಕಾಲ ಮರೆಯಾಗಿದ್ದ ಅದರ ಹಸ್ತಪ್ರತಿ 1946ರಲ್ಲಿ ಕಲ್ಕತ್ತೆಯ ಜೈನ ಗ್ರಂಥಭಂಡಾರವೊಂದರಲ್ಲಿ ನಾಹಟಾ ಬಂಧುಗಳ ಕಣ್ಣಿಗೆ ಬಿತ್ತು. ತುಳುನಾಡಿನಲ್ಲಿ ಆಳುಪರು ಜೋಡಿ ಮೀನಿನ ಚಿಹ್ನೆಯ ಚಿನ್ನದ ನಾಣ್ಯ ಹೊರಡಿಸಿದ್ದೂ, ಬಾರಕೂರಿನ ಗದ್ಯಾಣ ಶಾಸನಗಳಲ್ಲಿ ಲೆಕ್ಕಕ್ಕೆ ಬಂದದ್ದೂ ತಮಗೆ ತಿಳಿದೇ ಇರುತ್ತದೆ.

ಇನ್ನು ಈಗಿನ ವಿಷಯ. ಡಬ್ಬಿ ಹೊತ್ತುಕೊಂಡು ಬ್ಯಾಂಕಿಗೆ ಹೋದಾಗ “ಇದನ್ನೆಲ್ಲ ಎಣಿಸುವವರು ಯಾರು ಸ್ವಾಮೀ? ಬೇರೆ ದಿನ ಬನ್ನಿ” ಎಂಬ ಮಾತನ್ನು ಕೇಳಿದವರು ನಮ್ಮಲ್ಲಿ ಅನೇಕರು. ಕ್ಯಾಶಿಯರರ ಕಷ್ಟವೂ ಸುಳ್ಳಲ್ಲ. ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿರುತ್ತಾರೆ. ಆದರೆ ನಿಯಮ ಸ್ಪಷ್ಟವಾಗಿದೆ. ಯಾವ ಬ್ಯಾಂಕ್ ಶಾಖೆಯೂ ಚಲಾವಣೆಯಲ್ಲಿರುವ ನಾಣ್ಯವನ್ನು ನಿರಾಕರಿಸುವಂತಿಲ್ಲ. ಗ್ರಾಹಕರು ತಮ್ಮ ಖಾತೆಗೆ ಕಟ್ಟುವ ನಾಣ್ಯಗಳಿಗೆ ರಿಸರ್ವ್ ಬ್ಯಾಂಕ್ ಮಿತಿಯನ್ನೂ ಹಾಕಿಲ್ಲ. ಜನರು ಗೊಂದಲ ಮಾಡಿಕೊಳ್ಳುವುದು 2011ರ ನಾಣ್ಯ ಕಾಯಿದೆಯ 1000 ರೂಪಾಯಿಯ ಮಿತಿಯಲ್ಲಿ. ಅದು ಸಾಲ, ಬಿಲ್ಲು ತೀರಿಸುವ ವಿಷಯ. ಒಂದು ರೂಪಾಯಿ ಮತ್ತು ಮೇಲ್ಪಟ್ಟ ನಾಣ್ಯಗಳಲ್ಲಿ 1000 ರೂಪಾಯಿವರೆಗೆ, 50 ಪೈಸೆಯಲ್ಲಾದರೆ 10 ರೂಪಾಯಿವರೆಗೆ ಕೊಟ್ಟದ್ದು ಕಾನೂನುಬದ್ಧ ಪಾವತಿ.

ಎಣಿಸುವ ಬದಲು ತೂಗಿ ತೆಗೆದುಕೊಳ್ಳಿ ಎಂದೂ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. ಇದು ಹೇಳಿದಷ್ಟು ಸುಲಭವಲ್ಲ ಎಂಬುದು ತಕ್ಕಡಿ ಹಿಡಿದು ಅಭ್ಯಾಸವಿರುವ ನಮಗೆ ಬೇಗ ತಿಳಿಯುತ್ತದೆ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿಯ ತೂಕ 4.85 ಗ್ರಾಂ, ಅಗಲ 25 ಮಿಲಿಮೀಟರ್. 2011ರ ಎರಡು ರೂಪಾಯಿಗೂ ಅದೇ ತೂಕ, ಅದೇ ಅಗಲ! 2011ರ ಒಂದು ರೂಪಾಯಿಯಾದರೋ 3.79 ಗ್ರಾಂ. ಹಳೆಯ ದಪ್ಪ ಐದು ರೂಪಾಯಿ 9 ಗ್ರಾಂ, 2011ರ ಹಳದಿ ಐದು 6 ಗ್ರಾಂ. ಆದ್ದರಿಂದ ಬೆಲೆಯಂತೆ ಬೇರ್ಪಡಿಸಿದರೆ ಸಾಲದು, ಮಾದರಿಯಂತೆಯೂ ಬೇರ್ಪಡಿಸಿದರೆ ಮಾತ್ರ ತೂಕ ನಂಬಬಹುದು. ಹತ್ತು ರೂಪಾಯಿಯ ಎರಡು ಲೋಹದ ನಾಣ್ಯ 7.71 ಗ್ರಾಂ, 100 ನಾಣ್ಯ ತೂಗಿದರೆ 771 ಗ್ರಾಂ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದು ನಾಣ್ಯ ಕಡಿಮೆಯಾದರೂ ಗೊತ್ತಾಗುತ್ತದೆ.

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದವರು ಅಲ್ಲಿನ ಕಾಗದದ ಸುರುಳಿಗಳನ್ನು ನೋಡಿರಬಹುದು. ಕಾಲು ಡಾಲರಿನ 40 ನಾಣ್ಯ ತುಂಬಿದರೆ 10 ಡಾಲರಿನ ಸುರುಳಿ. ಒಂದು ಸೆಂಟಿನ 50 ನಾಣ್ಯಕ್ಕೆ ಅರ್ಧ ಡಾಲರು. (ಆ ಒಂದು ಸೆಂಟನ್ನು ಚಲಾವಣೆಗಾಗಿ ಟಂಕಿಸುವುದನ್ನು ಅವರು 2025ರ ನವೆಂಬರಿನಲ್ಲಿ ನಿಲ್ಲಿಸಿದರು.) ನಮ್ಮಲ್ಲೂ ಹಳೆಯ ಪತ್ರಿಕೆಯ ತುಂಡಿನಲ್ಲಿ ನಾಣ್ಯ ಸುತ್ತಿಡುವ ಅಭ್ಯಾಸ ಅಂಗಡಿಗಳಲ್ಲಿದೆ, ಆದರೆ ಬ್ಯಾಂಕಿಗೆ ಒಯ್ಯಲು ಅದು ಒಳ್ಳೆಯದಲ್ಲ. ಒಳಗೇನಿದೆ ಎಂದು ನೋಡಲು ಕ್ಯಾಶಿಯರರು ಬಿಚ್ಚಲೇಬೇಕು. ರಿಸರ್ವ್ ಬ್ಯಾಂಕಿನ ಸೂಚನೆಯಲ್ಲಿ ಹೇಳಿರುವುದು 100 ನಾಣ್ಯಗಳ ಪ್ಲಾಸ್ಟಿಕ್ ಚೀಲ. ಒಂದು ಚೀಲದಲ್ಲಿ ಒಂದೇ ಬೆಲೆಯ ನಾಣ್ಯ. ಹೊರಗೆ ಚೀಟಿಯಲ್ಲಿ ಸಂಖ್ಯೆ, ಮೊತ್ತ, ಖಾತೆ ಸಂಖ್ಯೆ. ಸಂಬಳ, ಪಿಂಚಣಿಯ ಮೊದಲ ವಾರವನ್ನೂ ಸೋಮವಾರವನ್ನೂ ಬಿಟ್ಟು, ತಿಂಗಳ ನಡುವೆ, ನಾಲ್ಕೈದು ಚೀಲ ಮಾತ್ರ ಒಯ್ಯಿರಿ. ಹೀಗೆ ಒಯ್ದರೂ ಬೇಡವೆಂದರೆ ಜಗಳ ಬೇಡ. ಶಾಖೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಬರೆಯಬಹುದು.

ವಿಚಿತ್ರವೆಂದರೆ, ಇದೇ ವೇಳೆಗೆ ಚಿಲ್ಲರೆ ಸಿಗದ ಜಾಗಗಳೂ ಇವೆ. 2023ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಕ್ಯೂಆರ್ ಕೋಡಿನಿಂದ ನಾಣ್ಯ ನೀಡುವ ಯಂತ್ರಗಳನ್ನು 12 ನಗರಗಳಲ್ಲಿ ಪ್ರಾಯೋಗಿಕವಾಗಿ ಇಡುವುದಾಗಿ ಪ್ರಕಟಿಸಿತು. ಬೆಂಗಳೂರೂ ಕಲ್ಲಿಕೋಟೆಯೂ ಆ ಪಟ್ಟಿಯಲ್ಲಿದ್ದವು. ಆ ಯಂತ್ರ ನಾಣ್ಯ ಕೊಡುತ್ತದೆಯೇ ಹೊರತು ತೆಗೆದುಕೊಳ್ಳುವುದಿಲ್ಲ. ನಮ್ಮ ಡಬ್ಬಿಯ ನಾಣ್ಯ ಹೊರಗೆ ಬಾರದೆ ಇನ್ನಷ್ಟು ನಾಣ್ಯ ಟಂಕಿಸುವ ಖರ್ಚು ದೇಶದ ಮೇಲೆ ಬೀಳುತ್ತದೆ. ಎಂಬತ್ತರ ದಶಕದ ಅಭಾವದಲ್ಲಿ ನಮ್ಮ ರೂಪಾಯಿ ನಾಣ್ಯವನ್ನು ಬ್ರಿಟನ್ನಿನಲ್ಲಿ ಮಾಡಿಸಿ ತರಿಸಬೇಕಾಗಿ ಬಂದಿತ್ತು.

ಒಂದು ಮಾತನ್ನು ನಮ್ಮ ವ್ಯಾಪಾರಿ ಬಂಧುಗಳಿಗೇ ನೇರವಾಗಿ ಹೇಳಬೇಕಾಗಿದೆ. ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲ ಎಂಬ ಗಾಳಿಮಾತು ಹಲವೆಡೆ ಹಬ್ಬಿತು. ರೂಪಾಯಿ ಚಿಹ್ನೆ ಇದ್ದದ್ದು ಅಸಲಿ, ಇಲ್ಲದ್ದು ನಕಲಿ ಎಂದರು. ಆ ಚಿಹ್ನೆ ನಾಣ್ಯದ ಮೇಲೆ ಬಂದದ್ದೇ 2011ರಲ್ಲಿ. ಅದಕ್ಕೂ ಮೊದಲಿನವುಗಳಲ್ಲಿ ಇರುವುದಾದರೂ ಹೇಗೆ? 14 ವಿನ್ಯಾಸಗಳೂ ಸರಿಯಾದವೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಹಾಗಿದ್ದೂ ಬೀಡಿ ಕಟ್ಟಿ ದುಡಿದ ಹೆಂಗಸು ಕೊಟ್ಟ ಹತ್ತರ ನಾಣ್ಯವನ್ನು ಕಟ್ಟೆಯಿಂದ ಹಿಂದಕ್ಕೆ ತಳ್ಳುವುದು, ಅವಳಿಗೆ ಮರಳಬೇಕಾದ ಎರಡು ರೂಪಾಯಿಗೆ ಬೇಡದ ಚಾಕಲೇಟು ಕೊಡುವುದು ವ್ಯಾಪಾರವಲ್ಲ. ಹೀನಾಧಿಕ ಮಾನೋನ್ಮಾನವು ಅಚೌರ್ಯ ವ್ರತದ ಅತಿಚಾರವೆಂದು ಬಾಲ್ಯದಿಂದಲೂ ಕೇಳಿಕೊಂಡು ಬಂದವರು ನಾವು. ಚಿಲ್ಲರೆಯ ಕೊರತೆ ತಕ್ಕಡಿಯ ಕೊರತೆಗಿಂತ ಬೇರೆಯೆಂದು ನನಗನ್ನಿಸುವುದಿಲ್ಲ.

ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂದು ಮೊಬೈಲಿಗೆ ಬರುವ ಸಂದೇಶಗಳನ್ನು ನಂಬಬೇಡಿ. ತನ್ನ ಹೆಸರಿನಲ್ಲಿ ಇಂಥ ವ್ಯವಹಾರಕ್ಕೆ ಶುಲ್ಕ ಕೇಳುವವರಿಂದ ದೂರವಿರಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಮಕ್ಕಳನ್ನು ವಿಂಗಡಣೆಗೆ ಕೂರಿಸಿದರೆ ಇಸವಿಯ ಕೆಳಗಿನ ಗುರುತು ತೋರಿಸಿ: ಚುಕ್ಕೆ ಇದ್ದರೆ ನೋಯ್ಡಾ, ನಕ್ಷತ್ರ ಹೈದರಾಬಾದ್, ವಜ್ರಾಕೃತಿ ಮುಂಬಯಿ, ಏನೂ ಇಲ್ಲದಿದ್ದರೆ ಕೋಲ್ಕತಾ. ಐದು ರೂಪಾಯಿಯ ದಪ್ಪ ನಾಣ್ಯಗಳನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಿ. ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ನೆನಪಿಗೆ 2001ರಲ್ಲಿ ಹೊರಬಂದ ಐದು ರೂಪಾಯಿಯೂ ಆ ರಾಶಿಯಲ್ಲಿರಬಹುದು. ಬ್ಯಾಂಕಿನಲ್ಲಿ ಅದಕ್ಕೂ ಸಿಗುವುದು ಐದೇ ರೂಪಾಯಿ. ನೂರರ ಚೀಲ ಕಟ್ಟುವ ಮೊದಲೇ ಅದನ್ನು ಬೇರೆ ಎತ್ತಿಡಿ.