‘ಅಲ್ಲಾಡಬೇಡ ಮರಿ, ನಾಲಿಗೆ ಮೇಲಕ್ಕೆ!’

ಸೈಕಲ್ಲಿನಿಂದ ಬಿದ್ದು ಗದ್ದ ಒಡೆದುಕೊಂಡಾಗ ನಮ್ಮಕ್ಕನ ಮಗನಿಗೆ ಒಂಬತ್ತು ವರ್ಷ. ಹತ್ತಿರದ ಕ್ಲಿನಿಕ್ಕಿನಲ್ಲಿ ನಾಲ್ಕು ಹೊಲಿಗೆ ಹಾಕಿ, ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಮೂರನೆಯ ದಿನ ಹುಡುಗ ಚಪಾತಿ ಬೇಡವೆಂದ. ಕಿವಿಯ ಹತ್ತಿರ ನೋವು ಎಂದ. ಬಾಯಿ ತೆರೆದರೆ ಗದ್ದ ನೇರವಾಗಿ ಕೆಳಗಿಳಿಯದೆ ಎಡಕ್ಕೆ ಸರಿಯುತ್ತಿತ್ತು. ಇದನ್ನು ಮೊದಲು ಕಂಡುಹಿಡಿದವರು ವೈದ್ಯರಲ್ಲ, ಎದುರು ಕೂತು ತುತ್ತು ಕೊಡುತ್ತಿದ್ದ ಅಜ್ಜಿ!

ಬಿದ್ದದ್ದು ಗದ್ದದ ಮೇಲೆ, ನೋವು ಕಿವಿಯ ಪಕ್ಕದಲ್ಲಿ. ಹೀಗೇಕೆ?

ನಿಮ್ಮ ಎರಡೂ ತೋರುಬೆರಳುಗಳನ್ನು ಕಿವಿಯ ಮುಂದೆ ಇಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನಡಿ ಏನೋ ಜಾರಿದಂತಾಯಿತಲ್ಲವೇ? ಅದೇ ದವಡೆಯ ಕೀಲು. ಕೆಳದವಡೆ ಕುದುರೆ ಲಾಳದ ಆಕಾರದ ಒಂದೇ ಮೂಳೆ. ಅದರ ಎರಡು ತುದಿಗಳು ಹಿಂದಕ್ಕೆ ಹೋಗಿ, ಮೇಲಕ್ಕೇರಿ ಕಿವಿಯ ಮುಂದೆ ತಲೆಬುರುಡೆಯನ್ನು ಸೇರುತ್ತವೆ. ಗದ್ದಕ್ಕೆ ಬಿದ್ದ ಪೆಟ್ಟು ಮೂಳೆಯುದ್ದಕ್ಕೂ ಸಾಗಿ ಈ ತುದಿಗಳಿಗೆ ತಲುಪುತ್ತದೆ. ಅಲ್ಲಿ ಮೂಳೆ ಕತ್ತಿನಂತೆ ಸಪೂರ. ಹಾಗಾಗಿ ಗದ್ದದಲ್ಲಿ ಬರೀ ಗಾಯ ಕಂಡರೂ ಮೂಳೆ ಮುರಿದಿರುವುದು ಕಿವಿಯ ಹತ್ತಿರ ಇರಬಹುದು. ಕೆಲವೊಮ್ಮೆ ಎರಡೂ ಕಡೆ ಮುರಿದಿರುತ್ತದೆ. ಮಕ್ಕಳಲ್ಲಿ ಇದನ್ನು ಅಲಕ್ಷ್ಯ ಮಾಡುವಂತಿಲ್ಲ. ಗಮನಿಸದೆ ಬಿಟ್ಟರೆ ಕೀಲು ಬೆಸೆದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗಬಹುದು, ಮುಖದ ಒಂದು ಪಕ್ಕದ ಬೆಳವಣಿಗೆ ಕುಂಠಿತವಾಗಬಹುದು.

ದಂತವೈದ್ಯರು ಎಕ್ಸ್‌ರೇಗೆ ಬರೆದುಕೊಟ್ಟರು. ಅಲ್ಲಿದ್ದ ಹಿರಿಯ ಟೆಕ್ನಿಷಿಯನ್ ಯಂತ್ರ ಚಾಲೂ ಮಾಡುವ ಮೊದಲು ಹುಡುಗನನ್ನು ನಿಲ್ಲಿಸುವುದರಲ್ಲೇ ಹತ್ತು ನಿಮಿಷ ಕಳೆದರು. ‘ಬೆನ್ನು ನೆಟ್ಟಗೆ. ಭುಜ ಕೆಳಗೆ. ಈ ಕಡ್ಡಿ ಕಚ್ಚು. ತುಟಿ ಮುಚ್ಚು. ನಾಲಿಗೆ ಮೇಲಕ್ಕೆ ಅಂಟಿಸು. ಅಲ್ಲಾಡಬೇಡ ಮರಿ!’ ಬೇಸತ್ತ ಅಕ್ಕ, ‘ಒಂದು ಫೋಟೊಗೆ ಇಷ್ಟೆಲ್ಲ ಬೇಕಾ ಸಾರ್?’ ಎಂದಳು. ಅವರು ನಕ್ಕು, ‘ಬಟನ್ ಒತ್ತೋದು ಕೆಲಸ ಅಲ್ಲಮ್ಮ, ನಿಲ್ಲಿಸೋದೇ ಕೆಲಸ’ ಎಂದರು.

ಆ ಮಾತಿನ ಅರ್ಥ ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ತಲೆಗೆ ಹಾಕುವ ಪ್ಲಾಸ್ಟಿಕ್ ಹೇರ್‌ಬ್ಯಾಂಡ್ ತೆಗೆದುಕೊಳ್ಳಿ. ಅದೇ ನಿಮ್ಮ ದವಡೆ. ಕತ್ತಲ ಕೋಣೆಯಲ್ಲಿ, ಅದು ಮೇಜಿನ ಮೇಲೆ ಮಲಗಿರುವಂತೆ ಅಡ್ಡಲಾಗಿ ಗೋಡೆಯ ಮುಂದೆ ಹಿಡಿಯಿರಿ. ಒಂದು ಬದಿಯಿಂದ, ಅದೇ ಎತ್ತರದಲ್ಲಿ ಟಾರ್ಚ್ ಬಿಡಿ. ಗೋಡೆಯ ಮೇಲೆ ಎರಡು ತೋಳುಗಳು ಕಾಣುವುದಿಲ್ಲ. ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಒಂದೇ ಪಟ್ಟಿಯಾಗುತ್ತದೆ. ಈಗ ಟಾರ್ಚನ್ನು ಸ್ವಲ್ಪ ಕೆಳಗಿಳಿಸಿ ಮೇಲ್ಮುಖವಾಗಿ ಬೆಳಕು ಬಿಡಿ. ನೆರಳು ಎರಡಾಯಿತು!

ಎಕ್ಸ್‌ರೇ ಎಂದರೂ ಒಂದು ಬಗೆಯ ನೆರಳೇ. ನೇರ ಪಕ್ಕದಿಂದ ತೆಗೆದರೆ ಎಡ ಮತ್ತು ಬಲ ದವಡೆಗಳು ಒಂದರ ಮೇಲೊಂದು ಬಿದ್ದು, ಬಿರುಕು ಯಾವ ಕಡೆಯದೆಂದು ತಿಳಿಯುವುದಿಲ್ಲ. ಆದ್ದರಿಂದ ನೋಡಬೇಕಾದ ಕಡೆಯ ಕೆನ್ನೆಯನ್ನು ಪ್ಲೇಟಿಗೆ ಒರಗಿಸಿ, ಕಿರಣವನ್ನು ಕೆಳಗಿನಿಂದ ಓರೆಯಾಗಿ, ಸುಮಾರು 25 ಡಿಗ್ರಿ ಕೋನದಲ್ಲಿ ಹಾಯಿಸುತ್ತಾರೆ. ಆಗ ಇನ್ನೊಂದು ಕಡೆಯ ದವಡೆಯ ನೆರಳು ಮೇಲಕ್ಕೆ ಸರಿದು ದಾರಿ ಬಿಡುತ್ತದೆ. ‘ಗದ್ದ ಮುಂದಕ್ಕೆ ಚಾಚಿ’ ಎನ್ನುವುದೂ ಸುಮ್ಮನೆ ಅಲ್ಲ. ಹಾಗೆ ಚಾಚದಿದ್ದರೆ ಕತ್ತಿನ ಮೂಳೆಗಳ ನೆರಳು ದವಡೆಯ ಹಿಂಭಾಗದ ಮೇಲೆ ಬೀಳುತ್ತದೆ.

ಎದುರಿನ ನೋಟಕ್ಕೆ ಹಣೆ ಮತ್ತು ಮೂಗನ್ನು ಪ್ಲೇಟಿಗೆ ತಾಗಿಸಿ ನಿಲ್ಲಿಸುತ್ತಾರೆ. ಕಿರಣ ಬರುವುದು ತಲೆಯ ಹಿಂದಿನಿಂದ. ಮುಖದ ಫೋಟೊಗೆ ಬೆನ್ನ ಹಿಂದೆ ಕ್ಯಾಮೆರಾವೇ ಎಂದು ಆಶ್ಚರ್ಯಪಡಬೇಡಿ. ಟಾರ್ಚಿನ ಬೆಳಕಿನಲ್ಲಿ ಗೋಡೆಯ ಹತ್ತಿರ ಕೈ ಹಿಡಿದರೆ ನೆರಳು ಸ್ಪಷ್ಟ, ದೂರ ಹಿಡಿದರೆ ದೊಡ್ಡದು ಮತ್ತು ಮಸುಕು. ದವಡೆ ಪ್ಲೇಟಿನ ಹತ್ತಿರವಿದ್ದಷ್ಟೂ ಚಿತ್ರ ಚೊಕ್ಕ.

ನಮ್ಮ ಹುಡುಗನಿಗೆ ಮೊದಲು ತೆಗೆದದ್ದು ಓ.ಪಿ.ಜಿ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಇಡೀ ದವಡೆಯನ್ನು ಒಂದೇ ಉದ್ದ ಚಿತ್ರದಲ್ಲಿ ಹರಡಿ ತೋರಿಸುವ ಎಕ್ಸ್‌ರೇ ಇದು. ಫಿನ್ಲೆಂಡಿನ ಯೂರ್ಯೊ ಪಾಟೆರೊ ಎಂಬ ದಂತವಿಜ್ಞಾನಿ 1950ರ ಆಸುಪಾಸಿನಲ್ಲಿ ಈ ವಿಧಾನವನ್ನು ಬೆಳೆಸಿದರು. ಇದರಲ್ಲಿ ನೀವು ನಿಂತಿರುತ್ತೀರಿ, ಯಂತ್ರ ನಿಮ್ಮ ತಲೆಯ ಸುತ್ತ ಹತ್ತಿಪ್ಪತ್ತು ಸೆಕೆಂಡು ತಿರುಗುತ್ತದೆ. ಲಾಳದ ಆಕಾರದ ಒಂದು ಕಿರಿದಾದ ಪಟ್ಟಿಯೊಳಗೆ ಇರುವುದು ಮಾತ್ರ ಸ್ಪಷ್ಟವಾಗಿ ಮೂಡುತ್ತದೆ, ಉಳಿದದ್ದು ಮಸುಕಾಗುತ್ತದೆ. ಕಡ್ಡಿಯ ಗಾಡಿಯಲ್ಲಿ ಮುಂಹಲ್ಲು ಕಚ್ಚಿಸುವುದು ದವಡೆಯನ್ನು ಆ ಪಟ್ಟಿಯೊಳಗೆ ಕೂರಿಸಲಿಕ್ಕೆ.

ಹೇಳಿದ ಮಾತು ಕೇಳದಿದ್ದರೆ ಚಿತ್ರವೇ ಚಾಡಿ ಹೇಳುತ್ತದೆ. ಹಲ್ಲು ಗಾಡಿಗಿಂತ ಮುಂದೆ ಹೋದರೆ ಮುಂಹಲ್ಲುಗಳು ಸಪೂರ, ಹಿಂದೆ ಸರಿದರೆ ದಪ್ಪ. ಗದ್ದ ತಗ್ಗಿಸಿದರೆ ಹಲ್ಲಿನ ಸಾಲು ಅತಿಯಾಗಿ ನಕ್ಕಂತೆ ಬಾಗುತ್ತದೆ, ಎತ್ತಿದರೆ ಮುಖ ಗಂಟಿಕ್ಕಿದಂತೆ. ನಾಲಿಗೆ ಕೆಳಗೆ ಬಿಟ್ಟರೆ ಬಾಯೊಳಗಿನ ಗಾಳಿ ಮೇಲಿನ ಹಲ್ಲುಗಳ ಬೇರಿನ ಮೇಲೆ ಕಪ್ಪು ಪಟ್ಟಿಯಾಗಿ ಕೂರುತ್ತದೆ. ಗೂನು ಬೆನ್ನು ಮಾಡಿ ನಿಂತರೆ ಕತ್ತಿನ ಮೂಳೆ ನಡುವೆ ಬಿಳಿ ನೆರಳಾಗಿ ಬರುತ್ತದೆ. ಓಲೆ, ಜುಮುಕಿ ತೆಗೆಯದಿದ್ದರಂತೂ ತಮಾಷೆ: ಬಲಕಿವಿಯ ಓಲೆಯ ‘ಭೂತ’ ಎಡದವಡೆಯ ಮೇಲೆ, ತುಸು ಎತ್ತರದಲ್ಲಿ ಮಸುಕಾಗಿ ಕಾಣಿಸಿಕೊಳ್ಳುತ್ತದೆ! ಅದಕ್ಕೇ ಮೂಗುತಿ, ಸರ, ಹೇರ್‌ಪಿನ್ನು, ಕನ್ನಡಕ, ಅಜ್ಜ–ಅಜ್ಜಿಯರಾದರೆ ಕಟ್ಟಿಸಿದ ಹಲ್ಲಿನ ಸೆಟ್ಟು ಎಲ್ಲವನ್ನೂ ಮೊದಲೇ ತೆಗೆದಿಡಿ.

‘ಹೆದರಬೇಡ ಅಂತಾರೆ, ಆಮೇಲೆ ಅವರೇ ಹೊರಗೆ ಓಡ್ತಾರೆ!’ ಎಂದು ನಮ್ಮ ಹುಡುಗ ಗೊಣಗಿದ್ದ. ಪ್ರಶ್ನೆ ಸರಿಯೇ. ಉತ್ತರ ಇತಿಹಾಸದಲ್ಲಿದೆ. ರಾಂಟ್ಗನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. 1896ರ ಜನವರಿಯಲ್ಲೇ ಜರ್ಮನಿಯ ಒಟ್ಟೊ ವಾಲ್ಕಾಫ್ ತಮ್ಮದೇ ಹಲ್ಲುಗಳ ಎಕ್ಸ್‌ರೇ ತೆಗೆಸಿಕೊಂಡರು. ಅದಕ್ಕಾಗಿ ಅವರು ಅಲ್ಲಾಡದೆ ಇದ್ದದ್ದು 25 ನಿಮಿಷ! ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ ವರ್ಷಗಟ್ಟಲೆ ಈ ಕಿರಣಗಳ ನಡುವೆ ಬರಿಗೈಯಲ್ಲಿ ಕೆಲಸ ಮಾಡಿ, ಕ್ಯಾನ್ಸರಿಗೆ ಮೊದಲು ಬೆರಳುಗಳನ್ನು, ಆಮೇಲೆ ತೋಳನ್ನೇ ಕಳೆದುಕೊಂಡರು. ಇಂದು ಒಂದು ಓ.ಪಿ.ಜಿ.ಯಿಂದ ನಮಗೆ ತಗಲುವ ವಿಕಿರಣ, ಕೆಲವು ದಿನಗಳಲ್ಲಿ ನೆಲ, ಗಾಳಿ, ಆಕಾಶದಿಂದ ತಾನಾಗಿ ಬರುವಷ್ಟೇ. ಆದರೆ ಟೆಕ್ನಿಷಿಯನ್ ದಿನವಿಡೀ, ವರ್ಷವಿಡೀ ಅಲ್ಲೇ ಇರುವವರು. ಅವರು ಗೋಡೆಯ ಮರೆಗೆ ಹೋಗಲೇಬೇಕು.

ಅಂದಮಾತ್ರಕ್ಕೆ ಬೇಕಿಲ್ಲದೆ ಎಕ್ಸ್‌ರೇ ತೆಗೆಸುವುದೂ ಸರಿಯಲ್ಲ. ಅಲ್ಲಾಡಿ ಚಿತ್ರ ಕೆಟ್ಟರೆ ಮತ್ತೊಮ್ಮೆ ತೆಗೆಯಬೇಕು, ಕಿರಣವೂ ಎರಡು ಪಟ್ಟು. ಒಂದೇ ಸಲಕ್ಕೆ ಸರಿಯಾಗಿ ನಿಲ್ಲುವುದೇ ದೊಡ್ಡ ರಕ್ಷಣೆ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಪುಟ್ಟ ಮಗುವನ್ನು ಹಿಡಿದುಕೊಳ್ಳಬೇಕಾಗಿ ಬಂದರೆ ಗರ್ಭಿಣಿಯಲ್ಲದ ಮನೆಯವರೊಬ್ಬರು ಸೀಸದ ಏಪ್ರನ್ ತೊಟ್ಟು ಹಿಡಿಯಲಿ. ಇನ್ನೊಂದು ಮಾತು ಮುಖ್ಯ. ರಸ್ತೆ ಅಪಘಾತದಲ್ಲಿ ಮುಖಕ್ಕೆ ಪೆಟ್ಟಾದವರ ಕತ್ತಿಗೂ ಪೆಟ್ಟಾಗಿರಬಹುದು. ವೈದ್ಯರು ನೋಡುವ ತನಕ ಅವರ ತಲೆಯನ್ನು ಯಾರೂ ತಿರುಗಿಸಬಾರದು, ಎಕ್ಸ್‌ರೇಗಾಗಿ ಕೂಡ. ಅಂಥವರನ್ನು ಮಲಗಿಸಿಯೇ ಯಂತ್ರವನ್ನು ಹೊಂದಿಸಿಕೊಳ್ಳುತ್ತಾರೆ, ಇಲ್ಲವೇ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ.

ಹುಡುಗನ ಓ.ಪಿ.ಜಿ.ಯಲ್ಲಿ ಎಡಕೀಲಿನ ಕೆಳಗೆ ಕೂದಲೆಳೆಯಂಥ ಗೆರೆ ಕಂಡಿತು. ಗೆರೆಯೋ ನೆರಳೋ ಎಂಬ ಅನುಮಾನ. ಒಂದೇ ದಿಕ್ಕಿನ ಚಿತ್ರವನ್ನು ಪೂರ್ತಿ ನಂಬಬಾರದು ಎಂದು ವೈದ್ಯರು ಎದುರಿನ ನೋಟವನ್ನೂ ತೆಗೆಸಿದರು. ಹಣೆಯನ್ನು ಪ್ಲೇಟಿಗೆ ಒರಗಿಸಿ, ಈ ಸಲ ಬಾಯಿ ಆದಷ್ಟು ಅಗಲಿಸಿ. ಬಾಯಿ ತೆರೆದಾಗ ಕೀಲಿನ ತಲೆ ತನ್ನ ಗುಳಿಯಿಂದ ಮುಂದೆ ಜಾರಿ ತಲೆಬುರುಡೆಯ ನೆರಳಿನಿಂದ ಹೊರಬರುತ್ತದೆ. ಅವನಿಗೆ ನೋವಾಗುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಅಲ್ಲಾಡಲಿಲ್ಲ. ಚಿತ್ರದಲ್ಲಿ ಸ್ಪಷ್ಟವಾಗಿ ಕಂಡಿತು: ಮೂಳೆ ಮುರಿದು ಒಳಕ್ಕೆ ವಾಲಿತ್ತು.

ಆಪರೇಷನ್ ಬೇಕಾಗಲಿಲ್ಲ. ಕೆಲವು ವಾರ ಗಂಜಿ, ಮೆತ್ತನೆಯ ಅನ್ನ, ಆಮೇಲೆ ಕನ್ನಡಿಯ ಮುಂದೆ ಬಾಯಿ ತೆರೆಯುವ ವ್ಯಾಯಾಮ, ಆಗಾಗ ತಪಾಸಣೆ. ಈಗ ಅವನ ಗದ್ದ ನೇರವಾಗಿಯೇ ಇಳಿಯುತ್ತದೆ, ಚಕ್ಕುಲಿಯನ್ನು ಕಟುಂ ಎಂದು ಕಡಿಯುತ್ತಾನೆ. ಮನೆಯಲ್ಲಿ ಯಾರ ಮಗು ಗದ್ದ ಒಡೆದುಕೊಂಡು ಬಂದರೂ ಅಜ್ಜಿ ಮಾತ್ರ ಔಷಧಿಗಿಂತ ಮೊದಲು ಒಂದು ಮಾತು ಹೇಳುತ್ತಾರೆ: ‘ಎಲ್ಲಿ, ಬಾಯಿ ತೆಗಿ ನೋಡೋಣ.’