ರೇಡಿಯೇಟರ್ ನೀರಿನಲ್ಲಿ ಜಿಡ್ಡು: ಹಳೆಯ ಟ್ರಾಕ್ಟರ್‌ನ ಹೆಡ್ ಬಿಚ್ಚುವ ಮೊದಲು ಏನು ನೋಡಬೇಕು?

ಮುಂಬೈ: ಮಹೀಂದ್ರಾ ಸಂಸ್ಥೆ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆ ಸೇರಿ 1963ರಲ್ಲಿ ಟ್ರಾಕ್ಟರ್ ಕಂಪನಿ ಕಟ್ಟಿತು. ಮುಂಬೈ ಉಪನಗರ ಕಾಂದಿವಲಿಯ ಕಾರ್ಖಾನೆಯಲ್ಲಿ ತಯಾರಾದ ಬಿ-275 ಅದರ ಮೊದಲ ಮಾದರಿ. 275 ಎಂಬ ಸಂಖ್ಯೆ ಕಂಪನಿಯ ಟ್ರಾಕ್ಟರ್‌ಗಳ ಮೇಲೆ ಇಂದಿಗೂ ಉಳಿದಿದೆ.

ಅಂಥ ಹಳೆಯ ಡೀಸೆಲ್ ಟ್ರಾಕ್ಟರ್‌ಗಳು ಈಗಲೂ ಹೊಲ ಉಳುತ್ತಿವೆ. ಉಳುಮೆಯ ಹೊತ್ತಿಗೆ ಸರಿಯಾಗಿ ರೇಡಿಯೇಟರ್ ನೀರು ಚಹಾ ಬಣ್ಣಕ್ಕೆ ತಿರುಗಿದರೆ 'ಹೆಡ್ ಗ್ಯಾಸ್ಕೆಟ್ ಹೋಯ್ತು' ಎಂಬ ಮಾತು ಮೊದಲು ಕೇಳಿಬರುತ್ತದೆ. ಹೆಡ್ ಇಳಿಸಿದರೆ ದುಡ್ಡೂ ಹೋಗುತ್ತದೆ, ಬಿತ್ತನೆಯ ದಿನಗಳೂ ಹೋಗುತ್ತವೆ. ತಪ್ಪು ಅಲ್ಲಿರದೆಯೂ ಇರಬಹುದು.

ತುಕ್ಕೋ, ಎಣ್ಣೆಯೋ?

ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ರೇಡಿಯೇಟರ್ ಮುಚ್ಚಳ ತೆಗೆಯಬೇಕು. ಒಳಗಿನ ನೀರನ್ನು ಗಾಜಿನ ಬಾಟಲಿಗೆ ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಬಿಡಬೇಕು. ತುಕ್ಕಾದರೆ ಕೆಳಗೆ ಕೂರುತ್ತದೆ, ಬೆರಳಿಗೆ ಮರಳಿನಂತೆ ತಾಗುತ್ತದೆ. ಎಣ್ಣೆಯಾದರೆ ಮೇಲೆ ತೇಲುತ್ತದೆ, ಇಲ್ಲವೇ ಕೆನೆಯಂತೆ ಜಿಡ್ಡಾಗಿ ನಿಲ್ಲುತ್ತದೆ. ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರನ್ನೇ ಹಾಕಿದ ಎಂಜಿನ್‌ನಲ್ಲಿ ಕೆಂಪು ರಾಡಿ ಕಂಡರೆ ಆಶ್ಚರ್ಯವಿಲ್ಲ. ಅದಕ್ಕೆ ರೇಡಿಯೇಟರ್ ತೊಳೆಸಿದರೆ ಸಾಕಾಗಬಹುದು.

ತೇಲಿದ್ದು ಡೀಸೆಲ್ ವಾಸನೆ ಹೊಡೆದರೆ ದಾರಿಯೇ ಬೇರೆ. ನೀರಿನ ನಡುವೆ ಹಾದುಹೋಗುವ ಇಂಜೆಕ್ಟರ್ ಸ್ಲೀವ್ ಇರುವ ಎಂಜಿನ್‌ನಲ್ಲಿ ಅನುಮಾನ ಅದರ ಮೇಲೆ.

ಯಾವ ಕಡೆಗೆ ಸೋರುತ್ತಿದೆ?

ಎಂಜಿನ್ ಓಡುವಾಗ ಆಯಿಲ್‌ನ ಒತ್ತಡ ನೀರಿನ ಒತ್ತಡಕ್ಕಿಂತ ಹೆಚ್ಚು. ಹಾಗಾಗಿ ಆಯಿಲ್ ಕೂಲರ್ ಒಡೆದರೆ ಎಣ್ಣೆ ನೀರಿಗೆ ನುಗ್ಗುತ್ತದೆ. ನೀರಿನಲ್ಲಿ ಜಿಡ್ಡಿದ್ದು ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ, ಟ್ರಾಕ್ಟರ್‌ಗೆ ಆಯಿಲ್ ಕೂಲರ್ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಹೆಡ್ ಮುಟ್ಟುವ ಮುಂಚೆ ಅದನ್ನೇ ಬಿಚ್ಚಿ ಪರೀಕ್ಷಿಸುವುದು ಅಗ್ಗ. ಕೂಲರ್ ಇಲ್ಲದ ಸಣ್ಣ ಎಂಜಿನ್‌ಗಳಲ್ಲಿ ಮಾತ್ರ ಗ್ಯಾಸ್ಕೆಟ್ ಅಥವಾ ಬಿರುಕಿನ ಕಡೆ ಅನುಮಾನ ತಿರುಗುತ್ತದೆ.

ಎಂಜಿನ್ ಆಯಿಲ್‌ಗೆ ನೀರು ಇಳಿಯುವುದು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಬೇರಿಂಗ್‌ಗಳು ಬೇಗ ಹಾಳಾಗುತ್ತವೆ. ಟ್ರಾಕ್ಟರ್ ರಾತ್ರಿಯಿಡೀ ನಿಂತ ಮೇಲೆ, ಸ್ಟಾರ್ಟ್ ಮಾಡದೆ, ಆಯಿಲ್ ಡ್ರೈನ್ ಪ್ಲಗ್ಗನ್ನು ಮೆಲ್ಲಗೆ ಸಡಿಲಿಸಿದರೆ ಗೊತ್ತಾಗುತ್ತದೆ: ನೀರು ಎಣ್ಣೆಗಿಂತ ಭಾರ, ಇದ್ದರೆ ಅದೇ ಮೊದಲು ಹನಿಯುತ್ತದೆ. ಕಾದ ತಗಡಿನ ಮೇಲೆ ಒಂದು ಹನಿ ಆಯಿಲ್ ಹಾಕಿದಾಗ ಚಟಪಟ ಸಿಡಿದರೂ ನೀರಿದೆ ಎಂದರ್ಥ. ಆದರೆ ಚಳಿಗಾಲದಲ್ಲಿ ಆಯಿಲ್ ಮುಚ್ಚಳದ ಅಡಿಯಲ್ಲಷ್ಟೇ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಸ್ವಲ್ಪ ಹೊತ್ತು ಮಾತ್ರ ಓಡುವ ಎಂಜಿನ್‌ನಲ್ಲಿ ಗಾಳಿಯ ತೇವವೇ ಹಾಗೆ ಕಟ್ಟುತ್ತದೆ.

ಗುಳ್ಳೆ ಮತ್ತು ಒತ್ತಡದ ಪರೀಕ್ಷೆ

ಗ್ಯಾಸ್ಕೆಟ್ ಮೇಲೆ ಅನುಮಾನವಿದ್ದರೆ ಹಳೆಯ ಮೇಸ್ತ್ರಿಗಳ ಉಪಾಯವೊಂದಿದೆ. ತಣ್ಣಗಿನ ಎಂಜಿನ್‌ನ ಫ್ಯಾನ್ ಬೆಲ್ಟ್ ಕಳಚಿ, ರೇಡಿಯೇಟರ್ ಕಂಠದವರೆಗೆ ನೀರು ತುಂಬಿ, ಒಂದೆರಡು ನಿಮಿಷ ಮಾತ್ರ ಎಂಜಿನ್ ಓಡಿಸಬೇಕು. ವಾಟರ್ ಪಂಪ್ ತಿರುಗದಿದ್ದರೂ ಗುಳ್ಳೆ ಬರುತ್ತಲೇ ಇದ್ದರೆ ಸಿಲಿಂಡರ್‌ನ ಹೊಗೆ ನೀರಿಗೆ ಸೇರುತ್ತಿದೆ. ನೀರು ಚಿಮ್ಮಬಹುದು, ಮುಖ ದೂರವಿರಲಿ. ಸಿಲಿಂಡರ್ ಒಳಗೇ ನೀರು ನಿಂತಿರುವ ಅನುಮಾನವಿದ್ದರೆ ಈ ಪರೀಕ್ಷೆಯೇ ಬೇಡ, ಸೆಲ್ಫ್ ಹೊಡೆಯಲೂಬಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ.

ವೆಟ್ ಲೈನರ್ ಇರುವ ಎಂಜಿನ್‌ನಲ್ಲಿ ಸೋರುವ ಜಾಗ ಹಿಡಿಯಲು ಪ್ರೆಶರ್ ಪಂಪ್ ಬೇಕು. ಕೆಳಗಿನ ಆಯಿಲ್ ಚೇಂಬರ್ ಕಳಚಿ, ರೇಡಿಯೇಟರ್ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಅಡಿಯಿಂದ ಟಾರ್ಚ್ ಬಿಟ್ಟು ಕಾಯಬೇಕು. ಲೈನರ್‌ನ ಹೊರ ಅಂಚಿನಿಂದ ಹನಿದರೆ ಓ ರಿಂಗ್ ಹೋಗಿದೆ. ಲೈನರ್‌ನ ಒಳಮೈಯಿಂದ ಇಳಿದರೆ ಲೈನರ್ ತೂತಾಗಿರಬಹುದು, ಅಥವಾ ಮೇಲಿನಿಂದ ಸೋರಿಕೆ ಇಳಿಯುತ್ತಿರಬಹುದು. ಲೈನರ್ ನಡುಗಿದಾಗ ಸುತ್ತಲ ನೀರಿನಲ್ಲಿ ಹುಟ್ಟಿ ಒಡೆಯುವ ಸೂಕ್ಷ್ಮ ಗುಳ್ಳೆಗಳೇ ಕಬ್ಬಿಣವನ್ನು ಕೊರೆಯುತ್ತವೆ. ಡೀಸೆಲ್ ಎಂಜಿನ್‌ಗೆ ಬರೀ ನೀರು ಬೇಡ, ಕೂಲೆಂಟ್ ಹಾಕಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಏನೂ ಹನಿಯದೆ ಮುಳ್ಳು ಮಾತ್ರ ಇಳಿಯುತ್ತಿದ್ದರೆ, ಹೊರಗೂ ಎಲ್ಲೂ ಸೋರಿಕೆ ಕಾಣದಿದ್ದರೆ, ಆಗ ಹೆಡ್ ಬಿಚ್ಚಬಹುದು. ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಒಂದನ್ನೇ ಬದಲಿಸದೆ, ಹೆಡ್ ಬಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಲೇತ್ ಅಂಗಡಿಯಲ್ಲಿ ನೋಡಿಸಬೇಕು.

ಹೊರತೆಗೆದ ಕೂಲೆಂಟನ್ನು ಅಂಗಳಕ್ಕೆ ಚೆಲ್ಲುವಂತಿಲ್ಲ. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ದನಕರು ನೆಕ್ಕಿದರೆ ವಿಷ.